ಅಜ್ಜನ ನಿಲುವಂಗಿ

ಹಳೇ ಕಡತಗಳ ಕಚೇರಿಯ ಜೆರಾಕ್ಸ್ ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ಅಕ್ಕ, ತಮ್ಮ ನಿಂತಿದ್ದರು.

"ಊರಿನ ದೊಡ್ಡ ಮನುಷ್ಯರ ಸಂಘದ ಸದಸ್ಯರ ಪುಸ್ತಕದಲ್ಲಿ ಅಜ್ಜನ ಹೆಸರೇ ಇಲ್ಲ ಕಣೋ."

"ಫೋಟೋದಲ್ಲಿ ಸಂಘದ ನಿಲುವಂಗಿ ಹಾಕ್ಕೊಂಡು ನಿಂತಿದ್ದಾರಲ್ಲಕ್ಕ?"

"ಸಂಘದವರು ಬರೆದ ಈ ಪತ್ರ ಕೇಳು. 'ಅಧ್ಯಕ್ಷರ ನಿಲುವಂಗಿಯನ್ನು ತೋಳು ಗಿಡ್ಡ ಮಾಡಲು ದರ್ಜಿಗೆ ಕೊಟ್ಟು ತಿಂಗಳಾಯಿತು, ಇನ್ನೂ ಬಂದಿಲ್ಲ.'"

"ಯಾವ ದರ್ಜಿ?"

"ಆಗ ಊರಿಗೊಬ್ಬರೇ ದರ್ಜಿ. ನಮ್ಮಜ್ಜ."

ತಲೆ ಕೆರೆದುಕೊಂಡರು ತಮ್ಮ.

"ನಾನು ಗೇಟಿಗೆ ಸಂಘದ ಲಾಂಛನ ಹಾಕಿಸಿದೀನಿ. ಬಂದೋರಿಗೆಲ್ಲ ಭಾಷಣ ಬೇರೆ."

"ನಾನೇನು ಕಮ್ಮಿನಾ? ಮಗಳ ಮದುವೆ ಕಾರ್ಡಲ್ಲೇ ಅಚ್ಚು ಹಾಕಿಸಿದ್ದೆ."

"ಎಷ್ಟು ಕಾಪಿ?" ಅಂದ ಜೆರಾಕ್ಸಿನವನು.

"ಒಂದೂ ಬೇಡಪ್ಪ," ಅಂದರು ಅಕ್ಕ.

ಬಾಗಿಲ ಹತ್ತಿರ ತಮ್ಮ ಕೇಳಿದರು, "ಗೇಟಿಂದು ಕೀಳಿಸಲಾ?"

"ಇರಲಿ ಬಿಡು. ಕಂಡೋರ ಬಟ್ಟೇಲಿ ಮೆರೆಯೋದು ನಮ್ಮ ವಂಶದಲ್ಲೇ ಬಂದಿದೆ."