ಕಾಲು ಜಾರಿದ್ದಲ್ಲ, ಕಂಬಿ ಕಿತ್ತದ್ದು

ಹೇಳಿಕೆ ಕೊಡುತ್ತಿರುವವಳು: ನದಿ ದಾರಿಯಲ್ಲಿ ಎಲ್ಲರೂ 'ಚಿಕ್ಕ ಪೊರಕೆ' ಎಂದು ಕರೆಯುವವಳು. ವಯಸ್ಸು: ಮೂವತ್ತೆಂಟು. ಉದ್ಯೋಗ: ನದಿ ದಾರಿ ಗುಡಿಸುವುದು. ವಾಸ: ಎರಡನೇ ಗೇಟಿನ ಹಿಂದಿನ ತಗಡಿನ ಸಾಲು, ನಾಲ್ಕನೇ ಮನೆ.

ಈ ಮೂಲಕ ತಿಳಿಸುವುದೇನೆಂದರೆ, ನಾನು ಮೇಲಿನ ವಿಳಾಸದಲ್ಲಿ ನನ್ನ ಅಕ್ಕನ ಮಗಳ ಜೊತೆ ವಾಸವಾಗಿದ್ದೇನೆ. ಅಕ್ಕ ತೀರಿಕೊಂಡು ಐದು ತಿಂಗಳಾಯಿತು. ದಾರಿಯಲ್ಲಿ ಅವಳಿಗೆ 'ದೊಡ್ಡ ಪೊರಕೆ' ಎಂದು ಹೆಸರು. ಈ ಹೆಸರುಗಳನ್ನಿಟ್ಟವರು ಬೆಳಿಗ್ಗೆ ಓಡಲು ಬರುವವರು. ಓಟದ ಸಂಘದ ಅಧ್ಯಕ್ಷರು ನನ್ನ ಮೇಲೆ ಕೊಟ್ಟ ದೂರನ್ನು ಈ ಠಾಣೆಯ ರೈಟರ್ ಓದಿ ಹೇಳಿದರು. ನಿನ್ನೆಯ ನದಿ ಓಟಕ್ಕೆ ಅಡ್ಡಿ ಮಾಡಿದೆ, ಸಾಯುತ್ತೇನೆಂದು ಹೆದರಿಸಿದೆ ಎಂದು ಅದರಲ್ಲಿದೆ. ಇದಕ್ಕೆ ಉತ್ತರ ಕೊಡಬೇಕಾದರೆ ಅಕ್ಕ ಸತ್ತ ದಿನದಿಂದ ಹೇಳಬೇಕು ಎಂದೆ. ನಿನ್ನೆಯದಷ್ಟು ಹೇಳಮ್ಮ, ಪುರಾಣ ಬೇಡ ಎಂದು ರೈಟರ್ ಹೇಳಿದರು. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ನಿಮ್ಮ ಕೆಲಸ, ಬರೆಯಿರಿ ಎಂದೆ. ಬರೆಯುತ್ತಿದ್ದಾರೆ.

ನಗರದ ದೊಡ್ಡ ಸೇತುವೆಯ ಕೆಳಗಿನಿಂದ ನದಿಯ ದಂಡೆ ಹಿಡಿದು ಆರು ಕಿಲೋಮೀಟರ್ ಕೆಮ್ಮಣ್ಣಿನ ದಾರಿ ಇದೆ. ನಡೆಯುವವರು, ಓಡುವವರು ಬರುತ್ತಾರೆ. ದಾರಿಯ ಕೊನೆಯಲ್ಲಿ ನೋಟದ ಕಟ್ಟೆ. ಅಲ್ಲಿ ನಿಂತರೆ ನದಿ ತಿರುಗುವ ಜಾಗ ಚೆನ್ನಾಗಿ ಕಾಣುತ್ತದೆ. ಕಟ್ಟೆಯ ಕೆಳಗೆ ಮೂವತ್ತು ಅಡಿ ಬಂಡೆ, ಆಮೇಲೆ ನೀರು. ದಾರಿಯ ಉಸ್ತುವಾರಿ ಸಂಘದ್ದು. ಬೆಳಿಗ್ಗೆ ಆರಕ್ಕೆ ಗೇಟು ತೆಗೆಯುವ ಹೊತ್ತಿಗೆ ಮಣ್ಣಿನ ಮೇಲೆ ಒಂದೇ ಒಂದು ಹೆಜ್ಜೆ ಗುರುತೂ ಇರಬಾರದು ಎಂದು ಅಧ್ಯಕ್ಷರ ಅಪ್ಪಣೆ. ಓಡುವವರಿಗೆ ತಮ್ಮ ಹೆಜ್ಜೆಯೇ ಮೊದಲನೆಯದು ಅನ್ನಿಸಬೇಕಂತೆ. ನಮ್ಮ ಹೆಜ್ಜೆ ಕಂಡರೆ ದಾರಿ ಹಳೆಯದಾಗುತ್ತದಂತೆ.

ಹಾಗಾಗಿ ನಾವು ಹಿಮ್ಮುಖವಾಗಿ ಗುಡಿಸುತ್ತೇವೆ. ಬರಿಗಾಲಲ್ಲಿ ಹಿಂದಕ್ಕೊಂದು ಹೆಜ್ಜೆ, ಮುಂದಿನಿಂದ ಪೊರಕೆಯ ಒಂದು ಎಳೆತ. ಮೂಡಿದ ಗುರುತು ಮೂಡಿದಲ್ಲೇ ಅಳಿಯುತ್ತದೆ. ನಡುವೆ ತಿರುಗಿ ನೋಡಿದರೆ ಗೆರೆ ಸೊಟ್ಟಗಾಗುತ್ತದೆ, ಮೇಸ್ತ್ರಿ ಬೈಯುತ್ತಾನೆ. ನೋಟದ ಕಟ್ಟೆಯ ಅಂಚಿಗೆ ಸೊಂಟದೆತ್ತರದ ಕಬ್ಬಿಣದ ಕಂಬಿ ಇತ್ತು. ಬೆನ್ನಿಗೆ ಕಂಬಿ ತಣ್ಣಗೆ ತಾಗಿದರೆ ಕೆಲಸ ಮುಗಿಯಿತು. ಪಕ್ಕದ ಕಲ್ಲುಮೆಟ್ಟಿಲಿಳಿದು ಟೀ ಕುಡಿಯಲು ಹೋಗುತ್ತೇವೆ. ಹನ್ನೊಂದು ವರ್ಷ ಅಕ್ಕನ ಬೆನ್ನಿನ ಕಣ್ಣು ಆ ಕಂಬಿಯೇ ಆಗಿತ್ತು.

ಅಕ್ಕ ಸತ್ತ ದಿನ ನಾವಿಬ್ಬರೂ ಐದು ಗಂಟೆಗೆ ಕೆಲಸಕ್ಕಿಳಿದೆವು. ದಾರಿಯ ಕೊನೆಯ ತುಂಡು ನಮ್ಮಿಬ್ಬರ ಪಾಲು. ಅದರ ನಡುವಿನ ಎರಡನೇ ಗೇಟಿನಿಂದ ನಾನು ಸೇತುವೆಯ ಕಡೆಗೆ, ಅಕ್ಕ ಕಟ್ಟೆಯ ಕಡೆಗೆ. ಹೊರಡುವಾಗ, ಇವತ್ತು ಟೀ ನಿನ್ನದು, ನೆನ್ನೆ ಥರ ಸೆರಗು ತಡಕಬೇಡ ಎಂದು ಹೇಳಿ ಹೋದಳು. ನನ್ನ ಪಾಲು ಮುಗಿಸಿ ಬಂದು ಮೆಟ್ಟಿಲಿನ ಕೆಳಗೆ ಕಾದೆ. ಐದೂಮುಕ್ಕಾಲಾದರೂ ಅಕ್ಕ ಇಳಿದು ಬರಲಿಲ್ಲ. ನಾನು ಮೇಲೆ ಹೋಗಿ ನೋಡಿದೆ. ಕಟ್ಟೆಯ ಮೇಲೆ ಕಂಬಿ ಇರಲಿಲ್ಲ. ನೆಲದಲ್ಲಿ ನಟ್ಟಿನ ತೂತುಗಳು ಮಾತ್ರ ಇದ್ದವು. ಪೊರಕೆಯ ಗೆರೆಗಳು ಅಂಚಿನವರೆಗೂ ನೆಟ್ಟಗೆ ಹೋಗಿದ್ದವು. ಎಲ್ಲೂ ಕಾಲು ಉಜ್ಜಿದ ಗುರುತಿಲ್ಲ, ಮಣ್ಣು ಕೆದರಿರಲಿಲ್ಲ. ಪೊರಕೆ ಅಂಚಿನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಬಿದ್ದಿತ್ತು. ಕೆಳಗೆ ಅಕ್ಕನ ಹಸಿರು ಸೀರೆ ಬಂಡೆಯ ಸಂದಿಯಲ್ಲಿ ಕಾಣುತ್ತಿತ್ತು.

ಅಂದರೆ ಅವಳು ಕೊನೆಯವರೆಗೂ ಗುಡಿಸುತ್ತಲೇ ಬಂದಿದ್ದಾಳೆ. ಕಂಬಿ ತಾಗಲಿ ಎಂದು ಇನ್ನೊಂದು ಹೆಜ್ಜೆ ಹಿಂದಿಟ್ಟಿದ್ದಾಳೆ. ಅಷ್ಟೇ.

ನಾನು ಕೂಗಿದ್ದಕ್ಕೆ ಮೇಸ್ತ್ರಿ ಬಂದ. ಕೆಳಗೆ ನೋಡಿದ. ಫೋನಿನಲ್ಲಿ ಅಧ್ಯಕ್ಷರ ಜೊತೆ ಮಾತಾಡಿದ. ಆಮೇಲೆ ಇವತ್ತು ಗೇಟು ತೆಗೆಯಬೇಡಿ ಎಂದು ಹೇಳಿ, ನೀರಿನ ಗಾಡಿ ತರಿಸಿ ಕಟ್ಟೆಯ ಮಣ್ಣಿಗೆಲ್ಲ ನೀರು ಹೊಡೆಸಿದ. ಯಾಕೆ ಎಂದು ಕೇಳಿದ್ದಕ್ಕೆ, ದಿನಾ ಹೊಡೆಯುವುದೇ ತಾನೇ, ಧೂಳೇಳುತ್ತೆ ಎಂದ. ಎಂಟು ಗಂಟೆಗೆ ವೆಲ್ಡರ್ ಬಂದು ಕಂಬಿಯನ್ನು ವಾಪಸ್ ನಿಲ್ಲಿಸಿ ನಟ್ಟು ಬಿಗಿದ. ಒಂಬತ್ತೂವರೆಗೆ ಈ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಕಂಬಿ ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿದೆಯಲ್ಲ, ನೆಲ ಒದ್ದೆಯಿದೆ, ಜಾರಿದ್ದಾಳೆ ಎಂದರು. ಕಂಬಿ ಈಗ ಹಾಕಿದ್ದು, ನೀರು ಈಗ ಹೊಡೆದದ್ದು ಎಂದು ಹೇಳಿದೆ. ದುಃಖದಲ್ಲಿದ್ದೀಯ, ಸುಮ್ಮನಿರು ಎಂದರು. ಅಷ್ಟು ಹೊತ್ತಿಗೇ ಒಬ್ಬಳೇ ಯಾಕೆ ಬಂದಿದ್ದಳು, ಯಾರಾದರೂ ಬರಲು ಹೇಳಿದ್ದರಾ ಎಂದು ಕೇಳಿದರು. ಅವರ ಜೊತೆ ಬಂದ ಪೇದೆ, ಹಾಗಾದ್ರೆ ಕಾಲು ಜಾರಿದ್ದು ಯಾವ ಅರ್ಥದಲ್ಲಿ ಸಾರ್ ಎಂದು ನಕ್ಕ. ಸಾಹೇಬರು ಬೈಯಲಿಲ್ಲ. ಮೃತಳು ಕಾಲು ಜಾರಿ ಬಿದ್ದಿರುವುದಾಗಿ ಎಂದು ಬರೆದುಕೊಂಡು ಹೋದರು.

ಕಾಲು ಜಾರಿ ಎಂಬ ಆ ಎರಡು ಪದ ನಮಗಿಂತ ಮೊದಲು ಮನೆ ಮುಟ್ಟಿದವು. ತಗಡಿನ ಸಾಲಿನಲ್ಲಿ ಮಾತು ಹಬ್ಬಿತು. ದೊಡ್ಡ ಪೊರಕೆ ಅಷ್ಟು ಬೇಗ ಏಳುತ್ತಿದ್ದದ್ದು ಗುಡಿಸುವುದಕ್ಕಂತೂ ಅಲ್ಲ ಎಂದರು. ಅಕ್ಕನ ಮಗಳು ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಿದ್ದಳು. ಅಲ್ಲಿ ಪಕ್ಕದ ಮೆಷಿನ್ನಿನವಳು, ಕಾಲು ಜಾರಿದವಳ ಮಗಳು ನೀನೇನಾ ಎಂದು ಕೇಳಿದಳಂತೆ. ಹುಡುಗಿ ಕತ್ತರಿ ಅಲ್ಲೇ ಇಟ್ಟು ಎದ್ದು ಬಂದಳು. ಮತ್ತೆ ಹೋಗಲಿಲ್ಲ. ಚಿಕ್ಕಮ್ಮಾ, ಅಮ್ಮ ಬಿದ್ದದ್ದು ಒಂದು ಸಲ, ಇವರು ದಿನಾ ಬೀಳಿಸ್ತಾರೆ ಎಂದಳು.

ಆ ಎರಡು ಪದ ಹೊಡೆದು ಹಾಕಿ ಎಂದು ಈ ಠಾಣೆಗೆ ಮತ್ತೆ ಮತ್ತೆ ಬಂದೆ. ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಎರಡು ಪದಕ್ಕೆ ಇಷ್ಟು ರಾಮಾಯಣವಾ ಎಂದರು. ಫೈಲು ಮುಚ್ಚಿದೆ ಎಂದರು. ಕೊನೆಯ ಸಲ, ಕಂಬಿ ಇರಲಿಲ್ಲ ಅಂತ ನಿನ್ನ ಬಿಟ್ಟು ಇನ್ನೊಬ್ಬ ಹೇಳಲಿ, ನೋಡೋಣ ಎಂದು ಸಾಹೇಬರೇ ಹೇಳಿದರು. ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ. ಇನ್ನೊಬ್ಬ ಹೇಳಬೇಕು. ಯಾರು ಹೇಳಬೇಕು ಎಂಬುದನ್ನು ಅವತ್ತೇ ತೀರ್ಮಾನ ಮಾಡಿದೆ.

ಮೊನ್ನೆ ಶನಿವಾರ ಸಂಜೆ ವೆಲ್ಡರ್ ಮನೆಗೆ ಬಂದ. ಬಾಗಿಲಲ್ಲೇ ನಿಂತ. ನಾಳೆ ಓಟ, ಫೋಟೋಕ್ಕೆ ಅಂತ ಕಂಬಿ ಮತ್ತೆ ಬಿಚ್ಚಿಸಿದ್ದಾರೆ ಅಕ್ಕಾ ಎಂದ. ಅವತ್ತು ಬಿಚ್ಚಿಸಿದ್ದೂ ಓಟದ ಪೋಸ್ಟರಿನ ಫೋಟೋಕ್ಕೇ ಎಂದ. ಕಂಬಿ ಅಡ್ಡ ಬಂದರೆ ನದಿ ಜೈಲಿನಲ್ಲಿದ್ದ ಹಾಗೆ ಕಾಣುತ್ತೆ ಎಂದು ಅಧ್ಯಕ್ಷರು ಹೇಳಿದರಂತೆ. ಗುಡಿಸುವವರಿಗೆ ತಿಳಿಸಬೇಕಲ್ವಾ ಎಂದು ಇವನು ಕೇಳಿದ್ದಕ್ಕೆ, ಅವರಿಗೇನು ಕಣ್ಣಿಲ್ಲವಾ ಎಂದರಂತೆ. ಇದನ್ನು ಠಾಣೆಗೆ ಬಂದು ಹೇಳುತ್ತೀಯಾ ಎಂದು ಕೇಳಿದೆ. ಹೇಳಿದರೆ ನಾಳೆಯಿಂದ ನನಗೆ ಕೆಲಸ ಇಲ್ಲ ಎಂದ. ಹಾಗಾದರೆ ಬಾಯಿ ಮುಚ್ಚಿಕೊಂಡಿರು, ನಾಳೆ ಕಿವಿ ಮಾತ್ರ ತೆರೆದಿಟ್ಟುಕೋ ಎಂದು ಕಳಿಸಿದೆ.

ಓಟದ ದಿನ ಗುಡಿಸುವವರು ಯಾರ ಕಣ್ಣಿಗೂ ಬೀಳಬಾರದೆಂದು ನಮಗೆ ರಜೆ. ನಿನ್ನೆ ಬೆಳಕು ಹರಿಯುವಾಗ ನಾನು ಮೆಟ್ಟಿಲಿನ ಕಡೆಯಿಂದ ಕಟ್ಟೆ ಹತ್ತಿದೆ. ಅಕ್ಕನ ಪೊರಕೆಯ ಕೋಲನ್ನು ಅಂಚಿನಿಂದ ಎರಡು ಮೊಳ ಈಚೆಗೆ ಅಡ್ಡ ಮಲಗಿಸಿ, ಮೇಲೆ ಮಣ್ಣೆಳೆದು ತುಳಿದೆ. ಹಿಮ್ಮಡಿಗೆ ಕೋಲು ತಾಗಿದರೆ ನಿಲ್ಲಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇದು ಪೂರ್ವತಯಾರಿ ಆಗುತ್ತದೆ, ಬರೆಯಬೇಕಾ ಎಂದು ರೈಟರ್ ಕೇಳಿದರು. ದಪ್ಪಗೆ ಬರೆಯಿರಿ ಎಂದೆ.

ಕಟ್ಟೆಗೆ ಮೊದಲು ದಾರಿ ಇಕ್ಕಟ್ಟು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಇಳಿಜಾರು, ನಡುವೆ ಇಬ್ಬರಿಗಷ್ಟೇ ಜಾಗ. ಏಳು ಗಂಟೆ ದಾಟಿದ ಮೇಲೆ ಓಟದವರು ಬಂದರು. ಎಲ್ಲರಿಗಿಂತ ಮುಂದೆ ಅಧ್ಯಕ್ಷರು, ಪಕ್ಕದಲ್ಲಿ ಮುಖ್ಯ ಅತಿಥಿಯಾಗಿ ಬಂದಿದ್ದ ಡಾಕ್ಟರಮ್ಮ. ಹಿಂದೆ ನಾನೂರಕ್ಕೆ ಕಡಿಮೆಯಿಲ್ಲದ ಜನ, ಎಲ್ಲರ ಕೈಯಲ್ಲೂ ಫೋನು. ನಾನು ಬಂಡೆಯ ಮರೆಯಿಂದ ಬಂದು ಅವರಿಗೆ ಮುಖ ಮಾಡಿ ನಿಂತು, ಹಿಮ್ಮುಖ ಗುಡಿಸಲು ಶುರುಮಾಡಿದೆ. ಓಟ ನಡಿಗೆಯಾಯಿತು. ಹಿಂದಿನಿಂದ ಒಬ್ಬ, ಆಂಟಿ ರಿವರ್ಸ್ ಗೇರಲ್ಲೇ ಫಸ್ಟ್ ಪ್ರೈಜಾ ಎಂದು ಕೂಗಿದ. ಜನ ನಕ್ಕರು. ಅಧ್ಯಕ್ಷರೂ ನಕ್ಕು, ಇವತ್ತು ರಜಾ ಅಲ್ವೇನಮ್ಮಾ, ಪಕ್ಕಕ್ಕೆ ಬಾ ಎಂದರು. ನನ್ನ ಹೆಜ್ಜೆ ನಿಮ್ಮ ಕಣ್ಣಿಗೆ ಬೀಳಬಾರದಲ್ಲ ಸ್ವಾಮಿ, ಅಳಿಸುತ್ತಾ ಇದ್ದೀನಿ ಎಂದೆ. ಮೇಸ್ತ್ರಿ ಜನರ ನಡುವೆ ನುಗ್ಗಲು ನೋಡಿದ. ಜಾಗವಿರಲಿಲ್ಲ.

ನಾನು ಒಂದು ಸಲವೂ ತಿರುಗಿ ನೋಡಲಿಲ್ಲ. ಹಿಂದೆ ಏನಿದೆ ಎಂದು ತಿಳಿಯಲು ನನಗೆ ಅಧ್ಯಕ್ಷರ ಮುಖ ಸಾಕಿತ್ತು. ಇಕ್ಕಟ್ಟು ಮುಗಿದು ಕಟ್ಟೆ ಶುರುವಾದಾಗ ಆ ಮುಖದ ನಗು ಹೋಯಿತು. ನಡುಕಟ್ಟೆಗೆ ಬಂದಾಗ ತುಟಿ ಒಣಗಿತು. ಕೈ ಎತ್ತಿದರು, ಸುತ್ತಲಿನ ಫೋನು ನೋಡಿ ಇಳಿಸಿದರು. ಒಂದು ಹೆಜ್ಜೆ, ಒಂದು ಎಳೆತ. ಅವರ ಕಣ್ಣು ನನ್ನ ಕಾಲನ್ನು ಬಿಟ್ಟು ಕದಲಲಿಲ್ಲ. ನಮ್ಮ ಕಾಲನ್ನು ಅವರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಹಿಮ್ಮಡಿಗೆ ಅಕ್ಕನ ಕೋಲು ತಾಗಿತು. ನಿಂತೆ. ಇನ್ನೊಂದು ಹೆಜ್ಜೆ ಇಡುವವಳ ಹಾಗೆ ಒಂದು ಕಾಲನ್ನು ಮಾತ್ರ ಎತ್ತಿದೆ.

ಆಗ ಅಧ್ಯಕ್ಷರು, ನಿಲ್ಲೇ, ಹಿಂದೆ ಕಂಬಿ ಇಲ್ಲ, ಬಿಚ್ಚಿಸಿದ್ದೀನಿ, ನಿಮ್ಮಕ್ಕನ ಥರಾನೇ ಹೋಗ್ತೀಯ ಎಂದು ಕಿರುಚಿದರು.

ಯಾವ ಅಕ್ಕ, ಏನಾಯಿತು ಎಂದು ಡಾಕ್ಟರಮ್ಮ ಅಧ್ಯಕ್ಷರನ್ನು ಕೇಳಿದರು. ನಾನು ಎತ್ತಿದ ಕಾಲನ್ನು ಕೋಲಿನ ಈಚೆಗೆ ಇಟ್ಟು, ಹೇಳಿ ಸ್ವಾಮಿ, ಅವರು ಕೇಳುತ್ತಾ ಇದ್ದಾರೆ ಎಂದೆ. ಅಧ್ಯಕ್ಷರು ಜನರನ್ನು ತಳ್ಳಿಕೊಂಡು ಬಂದ ದಾರಿಯಲ್ಲೇ ಓಡಿದರು. ನಿನ್ನೆಯ ಓಟದಲ್ಲಿ ಅವರಷ್ಟು ಜೋರಾಗಿ ಓಡಿದವರು ಇನ್ನೊಬ್ಬರಿಲ್ಲ. ಕಂಬಿ ಕಿತ್ತರು ಎಂದು ಬರೆಯಿರಿ ಎಂದೆ. ಯಾವ ಅರ್ಥದಲ್ಲಿ ಎಂದು ರೈಟರ್ ಪೆನ್ನು ನಿಲ್ಲಿಸಿ ಕೇಳಿದರು. ಎರಡೂ ಅರ್ಥದಲ್ಲಿ ಎಂದೆ.

ಓಟಕ್ಕೆ ಅಡ್ಡಿ ಮಾಡಿದ್ದು ನಿಜ. ಸಾಯುತ್ತೇನೆಂದು ಹೆದರಿಸಿದ್ದು ಸುಳ್ಳು. ಅಂಥವರ ಕಣ್ಣೆದುರು ಸಾಯುವಷ್ಟು ಅಗ್ಗವಾಗಿಲ್ಲ ನಾನು. ಸಾಹೇಬರು ಇನ್ನೊಬ್ಬ ಹೇಳಲಿ ಎಂದಿದ್ದರು. ಅಧ್ಯಕ್ಷರೇ ಹೇಳಿದ್ದಾರೆ, ನಾನೂರು ಜನ ಕೇಳಿದ್ದಾರೆ, ಫೋನುಗಳಲ್ಲಿ ಇದೆ. ಇವತ್ತು ಬೆಳಿಗ್ಗೆ ಸಂಘದ ಕಾರ್ಯದರ್ಶಿ ಮನೆಗೆ ಬಂದು, ಕಟ್ಟೆಯ ಮೇಲೆ ನಿಮ್ಮಕ್ಕನ ಹೆಸರಿನಲ್ಲಿ ಒಂದು ಕಲ್ಲುಬೆಂಚು ಹಾಕಿಸುತ್ತೇವೆ, ಇಲ್ಲಿಗೆ ಬಿಟ್ಟುಬಿಡಿ ಎಂದರು. ನೀವು ಅವಳ ಮೇಲೆ ಕೂತದ್ದು ಸಾಕು ಎಂದು ಹೇಳಿ ಕಳಿಸಿದ್ದೇನೆ.

ನನಗೆ ಬೇಕಾದದ್ದು ಇಷ್ಟು. ಹಳೆಯ ಕಾಗದದಿಂದ ಕಾಲು ಜಾರಿ ಎಂಬುದನ್ನು ಹೊಡೆದು, ಕಂಬಿ ತೆಗೆಸಿ ಕೊಂದದ್ದು ಎಂದು ಬರೆಯಬೇಕು. ಬರೆದದ್ದನ್ನು ಅಕ್ಕನ ಮಗಳ ಕಾರ್ಖಾನೆಯ ಗೇಟಿನಲ್ಲಿ ನಾನೇ ನಿಂತು ಓದುತ್ತೇನೆ. ನದಿಗೆ ಕಂಬಿ ಬೇಡ ಎಂದವರು ಕೂತು ಕಂಬಿ ಎಣಿಸಬೇಕು. ರಾಜಿಗೆ ಬರುವುದಿಲ್ಲ. ಕ್ಷಮೆ ಕೇಳಿದರೆ ಕೊಡುವುದಿಲ್ಲ.

ಈ ಹೇಳಿಕೆಯನ್ನು ರೈಟರ್ ನನಗೆ ಓದಿ ಹೇಳಿದರು. ಒಂದು ಕಡೆ ಕೈ ರೂಢಿಯಲ್ಲಿ 'ಮೃತಳು ಕಾಲು ಜಾರಿ' ಎಂದು ಬರೆದುಬಿಟ್ಟಿದ್ದರು. ಹೊಡೆಸಿ, ಪಕ್ಕದಲ್ಲಿ ನನ್ನ ಸಹಿ ಹಾಕಿದ್ದೇನೆ. ಉಳಿದದ್ದೆಲ್ಲ ನಾನು ಆಡಿದ್ದೇ, ನಡೆದದ್ದೇ. ಎದ್ದು ಹೋಗುವಾಗ ಬಾಗಿಲ ಪಹರೆಯವರು, ನಿನ್ನ ಕೆಮ್ಮಣ್ಣಿನ ಕಾಲು ನೆಲದ ತುಂಬಾ ಆಗಿದೆ, ಗುಡಿಸಿ ಹೋಗು ಎಂದರು. ಗುಡಿಸುವುದಿಲ್ಲ ಎಂದಿದ್ದೇನೆ. ಆ ಗುರುತುಗಳು ಅಲ್ಲೇ ಇರಲಿ. ಇದನ್ನೂ ಸೇರಿಸಿ ಬರೆಸಿದ್ದೇನೆ.

ಸ್ಥಳ: ಠಾಣೆಯ ಒಳಕೋಣೆ. ಹೊರಗಿನ ಬೆಂಚಲ್ಲ.
ದಿನಾಂಕ: ಓಟದ ಮರುದಿನ, ಸೋಮವಾರ.
ಸಹಿ: ಚಿಕ್ಕ ಪೊರಕೆ, ದೊಡ್ಡ ಪೊರಕೆಯ ತಂಗಿ.