ಒಂದೇ ಬಟನ್ನಿನ ಮಾತು

ದೀಪ ಸ್ವಲ್ಪ ಸಣ್ಣದು ಮಾಡಿ. ಇದು ಕಟ್ಟುಕತೆಯಲ್ಲ, ನಮ್ಮ ಸೋದರತ್ತೆಯ ಮಗನಿಗೇ ಆದದ್ದು. ಅವನಿಗೆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ, ಅದಕ್ಕೇ ಮನೆಮಂದಿಗೆಲ್ಲ ಅವನು ‘ರಿಪೇರಿ’.

ಆ ರಾತ್ರಿ ರಿಪೇರಿ ಅಂಗಡಿಯ ಬಾಗಿಲೆಳೆದು, ಒಂದು ಸಣ್ಣ ಕಂಪ್ಯೂಟರನ್ನು ಚೀಲಕ್ಕೆ ಹಾಕಿಕೊಂಡು ಅಕ್ಕನ ಮನೆಗೆ ಹೊರಟ. ದಾರಿಯಲ್ಲಿ ಒಂದು ಹಾಳು ಬಾವಿ. ಅದರ ರಾಟೆ ಗಾಳಿಗೆ ಕಿರ್ರ್... ಕಿರ್ರ್... ಅನ್ನುತ್ತಿತ್ತು. ಅವನಿಗೆ ಬಾವಿಯ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಅಕ್ಕನ ಮನೆಯ ಬಾಗಿಲಿಗೆ ಹೋಗಿ ನಿಲ್ಲುವುದಕ್ಕೆ. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಅಕ್ಕನಿಗೆ ಕಾಯಿಲೆಯಿಂದ ಮಾತು ಹೋಗಿತ್ತು. ಕೈಕಾಲೂ ಬಿದ್ದಿದ್ದವು. ಬಲಗೈಯ ಒಂದು ಬೆರಳು ಮಾತ್ರ ಆಡುತ್ತಿತ್ತು. ಆ ಬೆರಳಿಗೆಂದು ರಿಪೇರಿ ಒಂದು ದೊಡ್ಡ ಬಟನ್ ಮಾಡಿಕೊಟ್ಟಿದ್ದ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಸಾಗುತ್ತವೆ, ಬೇಕಾದದ್ದು ಬಂದಾಗ ಅವಳು ಒತ್ತಬೇಕು. ಟಕ್. ಮಾತು ಪೂರ್ತಿಯಾದ ಮೇಲೆ ಕಂಪ್ಯೂಟರು ಅದನ್ನು ಅವಳದೇ ದನಿಯಲ್ಲಿ ಹೇಳುತ್ತದೆ. ದನಿ ಹೋಗುವ ಮೊದಲೇ ಅದನ್ನು ತುಂಬಿಸಿಟ್ಟಿದ್ದ.

ಅವಳ ದೂರು ಒಂದೇ. “ನಿನ್ ಕಂಪ್ಯೂಟರು ನಿನ್ ಹಾಗೇ ಕಣೋ ರಿಪೇರಿ. ಏಳೋ ಹೊತ್ತಿಗೆ ಮಧ್ಯಾಹ್ನ.”

ಸರಿ, ಬೇಗ ಎಬ್ಬಿಸೋಣ ಅಂತ ಅವನು ಕರ್ನಲ್‌ಗೆ ಕೈಹಾಕಿದ. ಕರ್ನಲ್ ಅಂದರೆ ಕಂಪ್ಯೂಟರಿನಲ್ಲಿ ಮೊದಲು ಕಣ್ಣುಬಿಡುವ ಭಾಗ. ಅದು ಎದ್ದು ಡಿಸ್ಕು, ಪರದೆ, ಸ್ಪೀಕರು ಎಲ್ಲವನ್ನೂ ಎಬ್ಬಿಸಬೇಕು. ಮನೆಯಲ್ಲಿ ಅಮ್ಮ ಎದ್ದು ಉಳಿದವರನ್ನು ಎಬ್ಬಿಸುತ್ತಾಳಲ್ಲ, ಹಾಗೆ. ಯಾವುದನ್ನು ಎಬ್ಬಿಸಬೇಕು, ಯಾವುದು ಬೇಡ ಅಂತ ನಾವೇ ಆರಿಸಿ ಕರ್ನಲ್ ಕಟ್ಟಿಕೊಳ್ಳಬಹುದು. ಬೇಡದ್ದನ್ನು ಕಿತ್ತಷ್ಟೂ ಬೇಗ ಏಳುತ್ತದೆ. ಇವನು ಕಿತ್ತ. ಕೀಳುವ ಭರದಲ್ಲಿ ಡಿಸ್ಕನ್ನು ಎಬ್ಬಿಸುವ ಭಾಗವನ್ನೂ ಕಿತ್ತ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಈ ಕೆಲಸ ಮಾಡುವವರೆಲ್ಲ ಹಳೆಯ ಕರ್ನಲನ್ನು ಪಕ್ಕದಲ್ಲಿ ಉಳಿಸಿಕೊಳ್ಳುತ್ತಾರೆ, ಹೊಸದು ಕೈಕೊಟ್ಟರೆ ಇರಲಿ ಅಂತ. ಇವನು ಹೊಸದನ್ನು ಹಳೆಯದರ ಮೇಲೇ ಬರೆದುಬಿಟ್ಟ. ತನ್ನ ಕೈಮೇಲೆ ಅಷ್ಟು ನಂಬಿಕೆ.

ಬೆಳಿಗ್ಗೆ ಶುರು ಮಾಡಿದರೆ ಪೀಂ ಅಂದಿತು. ನಾಲ್ಕು ಸಾಲು ಮೂಡಿದವು. ‘ಡಿಸ್ಕ್ ಸಿಗುತ್ತಿಲ್ಲ’ ಅಂತ ಅಲ್ಲೇ ನಿಂತಿತು.

“ಸಂಜೆಗೆ ತಂದ್ಕೊಡ್ತೀನಕ್ಕಾ,” ಅಂದು ಅಂಗಡಿಗೆ ಹೊತ್ತೊಯ್ದ. ಬಟನ್ ಮಾತ್ರ ಅವಳು ಬಿಡಲಿಲ್ಲ. ತೆಗೆಯಲು ಹೋದರೆ ಕಣ್ಣಲ್ಲೇ ಗದರಿದಳು. ವೈರು ಬಿಚ್ಚಿ, ಬಟನ್ನನ್ನು ಬೆರಳಡಿಯಲ್ಲೇ ಬಿಟ್ಟ.

ಅಂಗಡಿಯಲ್ಲಿ ಪೆನ್‌ಡ್ರೈವಿನಿಂದ ಅದನ್ನು ಎಬ್ಬಿಸಿ, ಹಳೆಯ ಕರ್ನಲ್ ಎಲ್ಲಾದರೂ ಉಳಿದಿದೆಯಾ ಅಂತ ಮೂಲೆಮೂಲೆ ಹುಡುಕಿದ. ಇರಲಿಲ್ಲ. ಹೊಸದಾಗಿ ಕಟ್ಟಿದ. ಡಿಸ್ಕು ಸಿಕ್ಕಿತು, ಅದರೊಳಗಿನ ಫೈಲು ಓದಲು ಬರಲಿಲ್ಲ. ಅದನ್ನು ಸೇರಿಸಿ ಕಟ್ಟಿದ, ಪರದೆ ಕಪ್ಪಾಯಿತು. ಒಂದೊಂದು ಸಲ ಕಟ್ಟುವುದಕ್ಕೂ ಗಂಟೆಗಟ್ಟಲೆ ಕಾಯಬೇಕು. ಸಿದ್ಧವಾಗಿ ಸಿಗುವ ಕರ್ನಲ್ ಹಾಕಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಅದನ್ನೂ ಹಾಕಿ ನೋಡಿದ. ಎದ್ದಿತು. ಆದರೆ ಇವನೇ ಮಾಡಿದ ಬಟನ್ನಿನ ಗುರುತು ಅದಕ್ಕೆಲ್ಲಿಂದ ಬರಬೇಕು? ಬಟನ್ ಇಲ್ಲದ ಮೇಲೆ ಎದ್ದರೇನು, ಮಲಗಿದರೇನು. ಅದನ್ನು ತೆಗೆದುಹಾಕಿದ.

ಅಷ್ಟರಲ್ಲಿ ಭಾವನ ಫೋನು. ಪಿಸುದನಿ.

“ಆಯ್ತೇನಯ್ಯಾ?”

“ಇನ್ನೂ ಇಲ್ಲ ಭಾವ.”

“ಹಾಗೇ ಬಂದ್ಬಿಡು... ಡಾಕ್ಟರು ನೋಡ್ಕೊಂಡು ಹೋದ್ರು. ಅವಳು ಬಟನ್ ಒತ್ತುತ್ತಾನೇ ಇದಾಳೆ ಕಣೋ. ಏನೋ ಹೇಳ್ಬೇಕಂತೆ ಅವಳಿಗೆ. ನಾನೇ ಒಂದೊಂದಕ್ಷರ ಓದ್ತಾ ಹೋದೆ... ತಿಳೀಲಿಲ್ಲ.”

ಅದಕ್ಕೇ ಅವನು ಕೆಟ್ಟ ಕಂಪ್ಯೂಟರನ್ನು ಹೊತ್ತು ಆ ಹೊತ್ತಿನಲ್ಲಿ ಬಾವಿಯ ದಾರಿ ಹಿಡಿದದ್ದು. ಇನ್ನೊಂದು ಮಾತು, ಇದನ್ನು ನೆನಪಿಟ್ಟುಕೊಳ್ಳಿ: ಅದರ ಬ್ಯಾಟರಿ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡಿದ್ದ.

ಬಾವಿ ಹತ್ತಿರವಾಯಿತು. ರಾಟೆ ನಿಂತಿತು...

ಟಕ್.

ಅವನೂ ನಿಂತ. ಕಲ್ಲೇನಾದರೂ ಉರುಳಿತಾ?

ಟಕ್... ಟಕ್...

ಬಟನ್ನಿನ ಸದ್ದು. ಅದನ್ನು ಮಾಡಿದವನೇ ಅವನು, ಗುರುತು ಸಿಗದೆ ಇರುತ್ತದೆಯೇ. ಬರುತ್ತಿದ್ದದ್ದು ಚೀಲದೊಳಗಿಂದ. ಆಮೇಲೆ ಪೀಂ ಅಂದಿತು. ಆಮೇಲೆ... ದನಿ. ತಗ್ಗಿದ ದನಿ.

“ಲೋ ರಿಪೇರಿ... ಹಳೇದನ್ನ ಎಲ್ಲಿಟ್ಟೆ?”

ಅವನು ಜೇಬು ಮುಟ್ಟಿ ನೋಡಿಕೊಂಡ. ಬ್ಯಾಟರಿ ಅಲ್ಲೇ ಇತ್ತು.

“ಅಳಿಸ್ಬಿಟ್ಟೆ ಅಕ್ಕಾ,” ಅಂದ. ಅಂದದ್ದು ಅವನಿಗೇ ಸರಿಯಾಗಿ ಕೇಳಲಿಲ್ಲ.

ಟಕ್... ಟಕ್... ಟಕ್...

ಆರಂಭವಾದ ಮಾತು ಮುಗಿಯಲಿ ಅಂತ ಕಾದ. ಟಕ್... ಅಷ್ಟೇ. ಮುಂದಿನ ಅಕ್ಷರ ಬರಲಿಲ್ಲ. ರಾಟೆ ಮತ್ತೆ ಕಿರ್ರ್ ಅಂದಿತು.

ಎದ್ದುಬಿದ್ದು ಓಡಿದ. ಮನೆಯ ದೀಪಗಳೆಲ್ಲ ಉರಿಯುತ್ತಿದ್ದವು. ಭಾವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ.

“ಈಗಷ್ಟೇ ಕಣೋ,” ಅಂದ. “ಒತ್ತುತ್ತಾ ಇದ್ಲು... ನಿಂತುಹೋಯ್ತು.”

ಅಕ್ಕನ ಬೆರಳು ಬಟನ್ನಿನ ಮೇಲೇ ಇತ್ತು. ಬಟನ್ನಿನ ವೈರು ನೆಲದ ಮೇಲೆ ಬಿದ್ದಿತ್ತು, ಯಾವುದಕ್ಕೂ ಸಿಕ್ಕಿಸದೆ.

ಎಲ್ಲ ಮುಗಿದು ನೆಂಟರು ಹೋದ ಮೇಲೆ ಅವನು ಬ್ಯಾಟರಿ ಹಾಕಿ ಶುರು ಮಾಡಿದ. ಪೀಂ. ಯಾವ ಕರ್ನಲಿನಿಂದ ಏಳಲಿ ಅಂತ ಪರದೆ ಕೇಳಿತು. ಒಂದೇ ಇದ್ದಿದ್ದರೆ ಅದು ಕೇಳುವುದೇ ಇಲ್ಲ. ಎರಡು ಸಾಲು ಇದ್ದವು. ಮೇಲಿನದು ಅವನು ಕಟ್ಟಿದ್ದು. ಕೆಳಗಿನದು ಹಳೆಯದು.

ಕೆಳಗಿನದನ್ನು ಒತ್ತಿದ. ಹಿಂದಿನ ಹಾಗೇ ನಿಧಾನವಾಗಿ, ಮೈಮುರಿಯುತ್ತಾ ಎದ್ದಿತು. ಭಾವ ಬಾಗಿಲಲ್ಲಿ ನಿಂತಿದ್ದ. ರಿಪೇರಿ ಬಟನ್ ಸಿಕ್ಕಿಸಿ ಒಂದೊಂದೇ ಅಕ್ಷರ ಆರಿಸಿದ: ಏನು ಹೇಳ್ಬೇಕಿತ್ತಕ್ಕಾ?

ಅಕ್ಕನ ದನಿ ಕೋಣೆ ತುಂಬ ಕೇಳಿತು. “ಏನು ಹೇಳ್ಬೇಕಿತ್ತಕ್ಕಾ?”

ಮತ್ತೆ ಒತ್ತಿದ. ಮತ್ತೆ ಅದೇ. ಅವನು ಬರೆದದ್ದನ್ನಲ್ಲದೆ ಬೇರೇನೂ ಅದು ಹೇಳಲಿಲ್ಲ.

“ಸಾಕು, ಆಫ್ ಮಾಡೋ,” ಅಂದ ಭಾವ.

ಹೆದರಿದವನಿಗೆ ಏನೇನೋ ಕೇಳಿಸುತ್ತದೆ ಅನ್ನಿ, ಬೇಡ ಅನ್ನುವುದಿಲ್ಲ. ಆದರೆ ಆ ಕಂಪ್ಯೂಟರು ಈಗಲೂ ಅವರ ಕಪಾಟಿನಲ್ಲಿದೆ. ನಾನೇ ಶುರು ಮಾಡಿ ನೋಡಿದ್ದೇನೆ. ಮೇಲಿನ ಸಾಲು ಒತ್ತಿದರೆ ಪರದೆ ಕಪ್ಪಾಗಿ ನಿಲ್ಲುತ್ತದೆ. ಕೆಳಗಿನದು ಏಳುತ್ತದೆ.