ಕೆಂಚವ್ವ ತಿರುವಿದ ಕಿಂಡಿ

ಬನ್ರವ್ವ, ಕೂತ್ಕಳ್ರಿ. ಕಾಲು ನೀಡ್ಕಂಡೇ ಕೂತ್ಕಳ್ರಿ, ಕಥೆಗೇನು ಮಡಿ ಇಲ್ಲ. ಆದ್ರೆ ಒಂದು ಕರಾರು. ನಾನು ಹೇಳ್ತಾ ಹೋದಂಗೆ ನೀವು ಹೂಂ ಅಂತಿರ್ಬೇಕು. ಹೂಂಗುಟ್ಟೋರಿಲ್ದಿದ್ರೆ ಕಥೆ ದಾರೀಲೇ ಸಾಯ್ತೈತೆ. ಏ ಲಚ್ಚಕ್ಕ, ತೂಕಡ್ಸೋದಾದ್ರೆ ಹಿಂದಕ್ಕೆ ಹೋಗು. ಮುಂದೆ ಕೂತು ತೂಕಡ್ಸಿದ್ರೆ ನನ್ನ ಕಥೆಗೂ ಜೊಂಪು ಹತ್ತುತ್ತೆ.

ಒಂದೂರು. ಯಾವ ಸೀಮೆ, ಯಾವ ರಾಜ್ಯ, ಕೇಳ್ಬೇಡಿ. ಅಲ್ಲಿಗೆ ಬಸ್ಸಿಲ್ಲ, ಗಾಡಿ ಜಾಡಿಲ್ಲ, ಕಾಲ್ದಾರೀನೂ ಇಲ್ಲ. ಆದ್ರೂ ಇಲ್ಲಿ ಕೂತಿರೋರಲ್ಲಿ ಒಬ್ಬಳೂ ಆ ಊರು ಬಿಟ್ಟು ಒಂದು ಗಳಿಗೆ ಇದ್ದೋಳಲ್ಲ. ಹೆಂಗೆ ಅಂತ ಕೊನೇಲಿ ಹೇಳ್ತೀನಿ. ಹೂಂ ಅನ್ನಿ.

ಆ ಊರಲ್ಲಿ ಬೀದಿ ಇಲ್ಲ, ಓಣಿ ಇಲ್ಲ, ತಲೆಬಾಗ್ಲೂ ಇಲ್ಲ. ಜೇನುಹುಟ್ಟಿನಂಗೆ ಮನೆಗೆ ಮನೆ ಒತ್ತಿಕೊಂಡು ನಿಂತಿದ್ವು. ಪಕ್ಕದ್ಮನೆಯೋಳ ಮುಖ ನೋಡ್ದೋರೇ ಇಲ್ಲ. ಹಂಗಾರೆ ಉಪ್ಪು ಕಡ ಕೇಳೋದೆಂಗೆ? ಕಷ್ಟ ಸುಖ ಹೇಳ್ಕಳೋದೆಂಗೆ? ಇನ್ನೊಬ್ಬಳ ಮೇಲೆ ಚಾಡಿ ಹೇಳೋದೆಂಗೆ? ಅದಿಲ್ದೆ ಹೆಂಗಸರು ಬದುಕಕ್ಕಾಗ್ತೈತಾ?

ಅದಕ್ಕೇ ಕಿಂಡಿ ಇತ್ತು.

ಕಿಂಡಿ ಅಂದ್ರೆ ಇಲಿ ಕೊರೆದ ತೂತಲ್ಲ ಕಣ್ರವ್ವ. ಈ ಮನೆಯೋಳು ತನ್ನ ಗೋಡೇಲಿ ಆರು ಹಂಚು ದುಂಡಗೆ ನಿಲ್ಸಬೇಕು. ಆ ಮನೆಯೋಳು ತನ್ನ ಗೋಡೇಲಿ ಆರು ಹಂಚು ದುಂಡಗೆ ನಿಲ್ಸಬೇಕು. ಎರಡೂ ಬಾಯಿಗೆ ಬಾಯಿ ಕೂತ್ರೆ ಆವಾಗ ಕಿಂಡಿ. ಅರ್ಧ ನಂದು, ಅರ್ಧ ನಿಂದು. ಹಂಚನ್ನ ಒಂಚೂರು ತಿರುವಿದ್ರೆ ಒಂದಕ್ಕೊಂದು ಒರಗ್ಕಂಡು ಮುಚ್ಚಿ ಹೋಗ್ತಿತ್ತು. ತೆರೆಯಕ್ಕೆ ಇಬ್ರೂ ಬೇಕು, ಮುಚ್ಚಕ್ಕೆ ಒಬ್ಳು ಸಾಕು. ನಂಟಸ್ತನಾನೂ ಹಂಗೇ ಅಲ್ವೇನ್ರಿ?

ಅದ್ರಾಗೆ ಸಣ್ಣದು ಮಾತ್ರ ನುಗ್ಗೋದು. ಉಪ್ಪಿನ ಹರಳು ಹೋಗ್ತಿತ್ತು, ಬೆಲ್ಲದ ನೀರು ಹೋಗ್ತಿತ್ತು, ಮಾತು ಹೋಗ್ತಿತ್ತು. ಒರಳು ಹೋಗಲ್ಲ, ಒನಕೆ ಹೋಗಲ್ಲ, ಕಿರುಬೆರಳೂ ಹೋಗಲ್ಲ.

ಆ ಊರಿನೋರ ಕಸುಬು ಏನಪ್ಪಾ ಅಂದ್ರೆ ಕುಟ್ಟೋದು. ಮನೆಮನೇಲೂ ಒರಳು, ಮನೆಮನೇಲೂ ಒನಕೆ. ಎಲ್ಲಾ ಒನಕೆ ಒಂದೇ ಏಟಿಗೆ ಬಿದ್ರೆ ನೆಲ ಅದುರಿ, ಊರ ನಡುವಿನ ಕೊಳದ ನೀರು ಚಿಮ್ಮಿ, ಕಾಲುವೆಗೆ ಬಿದ್ದು ನಾಡಿಗೆಲ್ಲಾ ಹರೀತಿತ್ತು. ಒಬ್ಬಳು ಮುಂಚೆ, ಒಬ್ಬಳು ತಡವಾಗಿ ಕುಟ್ಟಿದ್ರೆ ನೀರು ಸುಳಿ ಸುತ್ತಿ ಅಲ್ಲೇ ನಿಲ್ತಿತ್ತು. ನಾಡು ಒಣಗ್ತಿತ್ತು.

ಒಬ್ರ ಮುಖ ಒಬ್ರು ನೋಡದೇ ಇರೋರು ಒಟ್ಟಿಗೆ ಕುಟ್ಟೋದೆಂಗೆ? ಮೂಲೆಮನೇಲಿ ಒಬ್ಳು ಮುದುಕಿ ಇದ್ಲು, ಮಿಡಿಯಜ್ಜಿ ಅಂತ. ಮಿಡಿಮಾವಿನಂಗೆ ಸುಕ್ಕಿದ್ಲು, ಅದಕ್ಕೇ ಆ ಹೆಸ್ರು ಅಂತ ಎಲ್ಲಾ ಅನ್ಕಂಡಿದ್ರು. ಅವ್ಳು ತನ್ನ ಕಿಂಡೀಲಿ ಒಂದು ಸಲ ಹೂಂ ಅನ್ನೋಳು. ಪಕ್ಕದ್ಮನೆಯೋಳು ಹೂಂ ಅಂತ ಮುಂದಕ್ಕೆ ದಾಟ್ಸೋಳು. ಅವಳ ಪಕ್ಕದೋಳು ಹೂಂ. ಕಣ್ಣು ಮಿಟುಕ್ಸೋದ್ರೊಳಗೆ ಊರೆಲ್ಲಾ ಹೂಂ. ಆಮೇಲೆ ಎಲ್ಲಾ ಒನಕೆ ಒಟ್ಟಿಗೆ, ಧಡ್. ಮತ್ತೆ ಹೂಂ, ಮತ್ತೆ ಧಡ್. ನಿಲ್ಲಂಗೇ ಇಲ್ಲ.

ಈಗ ಕೆಂಚವ್ವನ ವಿಷ್ಯಕ್ಕೆ ಬತ್ತೀನಿ.

ಕೆಂಚವ್ವಂಗೆ ಎರಡು ಕಿಂಡಿ. ಒಂದು ಬೋರಕ್ಕನ ಮನೆ ಕಡೆ. ಇನ್ನೊಂದು ಸಣ್ಣೀರಿ ಮನೆ ಕಡೆ. ಸಣ್ಣೀರೀದು ಊರ ಅಂಚಿನ ಮನೆ. ಅವಳಿಗಿದ್ದಿದ್ದು ಒಂದೇ ಕಿಂಡಿ, ಕೆಂಚವ್ವನ ಕಿಂಡಿ. ಉಪ್ಪು ಬಂದ್ರೆ ಅಲ್ಲಿಂದ, ಬೆಲ್ಲದ ನೀರು ಬಂದ್ರೆ ಅಲ್ಲಿಂದ, ಹೂಂ ಬಂದ್ರೂ ಅಲ್ಲಿಂದಾನೆ.

ಇಬ್ರೂ ಒಬ್ರ ಮುಖ ಒಬ್ರು ಕಂಡಿಲ್ಲ. ಆದ್ರೆ ಒಡಹುಟ್ಟಿದೋರೂ ಹಂಗಿರಲ್ಲ. ಅಕ್ಕಾ, ಇವತ್ತು ಬೆಲ್ಲದ ನೀರು ಸಪ್ಪೆ ಐತೆ ಅಂತ ಸಣ್ಣೀರಿ ಅನ್ನೋಳು. ನೀರು ಸಪ್ಪೆ ಇಲ್ಲ ಕಣೆ, ನಿನ್ನ ನಾಲಿಗೆ ಉದ್ದ ಆಯ್ತು, ರುಚಿ ತುದಿಗೆ ತಲುಪ್ತಿಲ್ಲ ಅಂತ ಕೆಂಚವ್ವ ಅನ್ನೋಳು. ಕುಟ್ಟಿ ಕುಟ್ಟಿ ಕೈ ಬಿದ್ದೋದಾಗ ಕಿಂಡಿಗೆ ಕೆನ್ನೆ ಕೊಟ್ಟು ಕೂತ್ರೆ, ಆ ಕಡೆಯಿಂದ ಇನ್ನೊಬ್ಬಳ ಉಸಿರು ಬೆಚ್ಚಗೆ ತಾಗ್ತಿತ್ತು. ಅಷ್ಟು ಸಾಕಲ್ವಾ? ನಮಗೆಲ್ಲಾ ಬಾಗ್ಲೇ ಐತೆ, ಒಬ್ರ ಉಸಿರು ಒಬ್ರಿಗೆ ತಾಗ್ತೈತಾ?

ಈ ಊರಿಗೆ ಒಂದು ಭಯ ಇತ್ತು. ಸುಣ್ಣದ ಭಯ. ಊರ ಸುತ್ತ ಸುಣ್ಣದ ನೀರು ನಿಂತಿತ್ತು. ಯಾವ್ದಾದ್ರೂ ಮನೆ ಹೊರಗೋಡೆ ಒಡೆದ್ರೆ ಅದು ಒಳಕ್ಕೆ ನುಗ್ಗೋದು. ಆ ಮನೆ ಮುಗೀತು. ಕಿಂಡಿ ತೆರೆದಿದ್ರೆ ಪಕ್ಕದ್ಮನೆಗೆ, ಅಲ್ಲಿಂದ ಅದರ ಪಕ್ಕಕ್ಕೆ. ಅದಕ್ಕೇ ಹಿರೀಕರು ಕಟ್ಟು ಮಾಡಿದ್ರು. ಕಿಂಡೀಲಿ ಸುಣ್ಣ ಕಂಡ್ರೆ ಯೋಚ್ನೆ ಮಾಡ್ಬೇಡ, ಹಂಚು ತಿರುವು. ತಿರುವಿ, ಬರೀ ಒರಳಿಗೆ ಮೂರು ನಿಧಾನದ ಏಟು ಹಾಕು. ಅದು ಸತ್ತೋರಿಗೆ ಹಾಕೋ ಏಟು. ನಿಷ್ಠುರ ಅನ್ನಿಸ್ತೈತೆ. ಆದ್ರೆ ಒಬ್ಬಳ ಜೊತೆ ಊರೇ ಸಾಯಕ್ಕಾಗ್ತೈತಾ?

ಬೋರಕ್ಕ ಹಿಂದೆ ಒಂದು ಸಲ ಹಂಗೆ ಕಿಂಡಿ ಮುಚ್ಚಿ ಊರು ಉಳಿಸಿದ್ಲು. ಉಳಿಸಿದ್ದು ದಿಟ. ಆದ್ರೆ ಆಮೇಲೆ ಅವಳ ಬಾಯಿಗೆ ಬೇರೆ ಮಾತೇ ಬರ್ಲಿಲ್ಲ. ಉಪ್ಪು ಕೇಳಿದ್ರೂ ಅದೇ ಪುರಾಣ, ಕೆಮ್ಮಿದ್ರೂ ಅದೇ ಪುರಾಣ. ನೀವ್ಯಾಕೆ ನನ್ನ ಕಡೆ ನೋಡಿ ನಗ್ತೀರಿ? ನಾನು ಬೋರಕ್ಕನ ವಿಷ್ಯ ಹೇಳ್ತಿರೋದು.

ಸಣ್ಣೀರಿ ಮನೇಲಿ ಒಂದು ಹಸು. ಬೀದಿ ಇಲ್ದಿದ್ದ ಊರಿಗೆ ಹಸು ಎಲ್ಲಿಂದ ಬಂತು ಅಂತ ಕೇಳೋರು ಎದ್ದು ಮನೆಗೋಗಿ. ಹಸು ಗಬ್ಬ ಆಗಿತ್ತು. ಆ ಊರಲ್ಲಿ, ಹಸು ಗಬ್ಬ ಆದ ಸುದ್ದೀನ, ಈದ ಸುದ್ದೀನ ಮೊದಲ ಬೆಣ್ಣೆ ತೆಗೆಯೋವರ್ಗೂ ಬಾಯಲ್ಲಿ ಆಡ್ತಿರ್ಲಿಲ್ಲ, ಕಣ್ಣು ಬೀಳ್ತೈತೆ ಅಂತ. ಬೆಣ್ಣೆ ಬಂದ ಮೇಲೆ ಮೊದಲ ಗುಲಗಂಜಿಯಷ್ಟು ಪಕ್ಕದ್ಮನೆಗೆ. ಮಾತು ಆಡೋದಲ್ಲ, ಬೆಣ್ಣೇನೇ ಮಾತು. ಸಣ್ಣೀರಿ ಆ ಗಳಿಗೆಗೆ ಕಾಯ್ತಿದ್ಲು. ಅಕ್ಕಂಗೆ ನಾನು ಕೊಡೋದು ಇದೇ ಮೊದಲು ಅಂತ ಒಳಗೊಳಗೇ ಹಿಗ್ಗಿದ್ಲು. ಅಲ್ಲೀವರ್ಗೂ ಬರೀ ಈಸ್ಕಂಡೋಳು ಅಲ್ವಾ ಅವ್ಳು?

ಹಸು ಈಯೋ ದಿನ ಸಣ್ಣೀರಿ ಒನಕೆ ತಡವಾಗಿ ಬಿತ್ತು. ಊರೆಲ್ಲಾ ಧಡ್ ಅಂದ ಮೇಲೆ ಅವಳದೊಂದೇ ಧಡ್. ಬೋರಕ್ಕ ಕೇಳಿಸ್ಕಂಡ್ಲು. ಕೆಂಚವ್ವನ ಕಿಂಡಿಗೆ ಬಾಯಿಟ್ಟು, ನಿನ್ನ ಪಕ್ಕದೋಳ ತಾಳ ತಪ್ತೈತೆ, ನಾನು ಮುಚ್ಚಿದ ಮನೇಲೂ ಮೊದಲು ಹಂಗೇ ಆಗಿದ್ದು ಅಂದ್ಲು. ಕೆಂಚವ್ವ ಅವಳನ್ನ ಗದರಿ ಮತ್ತೆ ಒನಕೆ ಎತ್ಕಂಡ್ಲು.

ಕರು ಹುಟ್ಟಿದ್ಮೇಲೆ ಗೋಡೆಗೆ ಢಬ್ ಅಂತ ಒದೀತು. ಬೋರಕ್ಕ ಮತ್ತೆ ಕಿಂಡಿಗೆ ಬಂದ್ಲು. ಗೋಡೆ ಬಿರಿಯೋ ಸದ್ದು ಕಣೆ, ನಾನು ಮುಚ್ಚಿದ ಮನೇಲೂ ಎರಡನೇದಾಗಿ ಹಂಗೇ ಕೇಳಿದ್ದು ಅಂದ್ಲು. ಕೆಂಚವ್ವ ಈ ಸಲ ಗದರ್ಲಿಲ್ಲ. ಸಣ್ಣೀರೀನ ಕೇಳಿದ್ಲು, ಏನಾದ್ರೂ ಇದ್ರೆ ಹೇಳೆ ಅಂತ. ಸಣ್ಣೀರಿ ನಗು ತಡ್ಕಂಡು, ಏನಿಲ್ಲಕ್ಕ, ಇನ್ನೆರಡು ದಿನ ತಾಳು, ನಿನಗೇ ಗೊತ್ತಾಗ್ತೈತೆ ಅಂದ್ಲು.

ಒಳ್ಳೆ ಮಾತೇ. ಆದ್ರೆ ಅನುಮಾನ ಹೊಕ್ಕ ಕಿವಿಗೆ ಒಳ್ಳೆ ಮಾತೂ ತೀರಿಹೋಗೋರ ಮಾತಿನಂಗೆ ಕೇಳುತ್ತೆ.

ಮೂರನೇ ಸಲ ಬೋರಕ್ಕ ಹೇಳಿದ್ದು ಇಷ್ಟು: ಇನ್ನು ಬೆಳ್ಳಗೆ ಬರ್ತೈತೆ ನೋಡ್ತಿರು. ಬಂದಾಗ ಕೈ ನಡುಗಿದ್ರೆ ಊರಿನ ಪಾಪ ನಿನ್ನ ತಲೆಗೆ.

ಬಂತಲ್ಲ. ಬೆಳ್ಳಗೆ ಬಂತು. ಕಿಂಡಿ ಅಂಚಿಗೆ ಮೆತ್ಕಂಡಂಗೆ, ಗುಲಗಂಜಿಯಷ್ಟು.

ಕೆಂಚವ್ವ ಮುಟ್ಟಿ ನೋಡ್ಲಿಲ್ಲ. ಮೂಸಿ ನೋಡ್ಲಿಲ್ಲ. ನಾಲಿಗೆಗೆ ಇಟ್ಟು ನೋಡ್ಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಕರೆದು ಕೇಳ್ಬಾರ್ದಿತ್ತಾ? ಕಣ್ಮುಚ್ಕಂಡು ಹಂಚು ತಿರುವಿಬಿಟ್ಲು. ಬರೀ ಒರಳಿಗೆ ಮೂರು ಏಟು ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತು ಅತ್ಲು. ಬೋರಕ್ಕ ಆ ಕಡೆಯಿಂದ, ನಾನೇ ಹೇಳಿರ್ಲಿಲ್ವಾ ಅಂತ ಊರಿಗೆಲ್ಲಾ ಸುದ್ದಿ ದಾಟ್ಸಿದ್ಲು. ಹೂಂ ಹೋದಷ್ಟೇ ಬೇಗ ಅದೂ ಹೋಯ್ತು.

ಆ ಕಡೆ ಸಣ್ಣೀರಿ ಏನ್ಮಾಡ್ತಿದ್ಲು? ಕಿಂಡಿ ಹತ್ರ ಕೂತು, ಅಕ್ಕ ಬೆಣ್ಣೆ ನೆಕ್ಕಿ ಏನಂತಾಳೆ ಅಂತ ಕಾಯ್ತಿದ್ಲು. ಸದ್ದಿಲ್ಲ. ಅಕ್ಕಾ ಅಂದ್ಲು. ಸದ್ದಿಲ್ಲ. ಬೆಣ್ಣೆ ಹುಳಿ ಆಯ್ತೇನಕ್ಕ ಅಂದ್ಲು. ಸದ್ದಿಲ್ಲ. ನನ್ನ ಮೇಲೆ ಕೋಪವಾ ಅಂದ್ಲು. ಉಸಿರೂ ಇಲ್ಲ.

ಆವಾಗ ಅವಳಿಗೆ ಏನನ್ನಿಸ್ಬೇಕು ಹೇಳಿ. ಅಕ್ಕ ಮುಚ್ಚಿದ್ಲು ಅಂತ ಅನ್ನಿಸ್ಲೇ ಇಲ್ಲ ಆ ಹುಚ್ಚಿಗೆ. ಅಕ್ಕ ಹೋಗ್ಬಿಟ್ಲು ಅನ್ನಿಸ್ತು. ಉಸಿರಿಲ್ದ ಕಿಂಡಿ ಅಂದ್ರೆ ಸತ್ತ ಮನೆ. ಕಟ್ಟು ಅಂದ್ರೆ ಕಟ್ಟು. ಅವಳೂ ತನ್ನ ಅರ್ಧದ ಹಂಚು ಕಿತ್ತು, ಮಣ್ಣು ಕಲಸಿ, ಅಳ್ತಾ ಅಳ್ತಾ ಕಿಂಡಿಗೆ ಮೆತ್ತಿದ್ಲು.

ನೋಡ್ರವ್ವ ಈ ಅನ್ಯಾಯಾನ. ಒಂದು ಗೋಡೆ. ಈ ಕಡೆ ಒಬ್ಳು, ಆ ಕಡೆ ಒಬ್ಳು. ಇಬ್ರೂ ಬದುಕಿದಾರೆ, ಇಬ್ರೂ ಇನ್ನೊಬ್ಬಳು ಸತ್ಲು ಅಂತ ಅಳ್ತಾವ್ರೆ.

ಮಾರನೇ ದಿನ ಕೆಂಚವ್ವ ತಲೆ ಎತ್ತಿ ನೋಡಿದ್ರೆ ಗೋಡೆ ಮೇಲೆ ಇರುವೆ ಸಾಲು. ಎಲ್ಲಿಗೆ ಹೋಗ್ತವೆ ಅಂತ ನೋಡಿದ್ಲು. ಕಿಂಡಿ ಅಂಚಿನ ಆ ಬಿಳೀದ್ಕೆ ಮುತ್ಕಂಡವೆ. ಸುಣ್ಣಕ್ಕೆ ಇರುವೆ ಮುತ್ತುತ್ತಾ? ನೀವೇ ಹೇಳಿ, ನಿಮ್ಮ ಎಲೆಅಡಿಕೆ ಡಬ್ಬೀಲಿ ಸುಣ್ಣಕ್ಕೆ ಇರುವೆ ಯಾವತ್ತಾದ್ರೂ ಬಂದೈತಾ?

ಕೆಂಚವ್ವ ಇರುವೆ ಸಮೇತ ಬೆರಳಲ್ಲಿ ತಗೊಂಡು ನಾಲಿಗೆಗೆ ಇಟ್ಲು.

ಬೆಣ್ಣೆ.

ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಅಂತ ಗಾದೆ ಹೇಳ್ತೀವಿ. ಇವಳದು ಅದಲ್ಲ. ಇವಳ ಎರಡು ಕಣ್ಣಿಗೂ ಬೆಣ್ಣೇನೇ ಸುಣ್ಣ ಆಗಿತ್ತು. ಬೆಳ್ಳಗಿರೋದೆಲ್ಲಾ ಹಾಲಲ್ಲ ಅಂತ ಹೇಳಿಕೊಟ್ಟೋರು, ಬೆಳ್ಳಗಿರೋದೆಲ್ಲಾ ಸುಣ್ಣ ಅಲ್ಲ ಅಂತ ಯಾಕೆ ಹೇಳಿಕೊಡ್ಲಿಲ್ಲ?

ಎದ್ದೋಡಿ ಹಂಚು ತಿರುವಿದ್ಲು. ತನ್ನ ಅರ್ಧ ತೆರೀತು. ಆ ಕಡೆ ಅರ್ಧ ಬರೀ ಮಣ್ಣು. ಕಿವಿ ಇಟ್ಲು. ಬಲು ದೂರದಿಂದ ಬಂದಂಗೆ, ಬರೀ ಒರಳಿನ ಸದ್ದು. ಒಂದು. ತಡೆದು ಇನ್ನೊಂದು. ತಡೆದು ಮೂರನೇದು. ಕೆಂಚವ್ವಂಗೆ ಆವಾಗ ಹೊಳೀತು. ಅಲ್ಲಿ ಕುಟ್ತಿದ್ದ ಏಟು ತನ್ನ ಸಾವಿಂದು. ನಿತ್ರಾಣದಲ್ಲೂ ಸಣ್ಣೀರಿ ಅಕ್ಕಂಗೆ ಮತ್ತೆ ಮತ್ತೆ ಏಟು ಹಾಕ್ತಾವ್ಳೆ.

ಪೊರಕೆ ಕಡ್ಡಿ ತಂದು ಮಣ್ಣು ಕೆದಕಿದ್ಲು. ಕಡ್ಡಿ ಮುರೀತು. ಇನ್ನೊಂದು ತಂದ್ಲು, ಮುರೀತು. ಇನ್ನೊಂದು ತಂದ್ಲು, ಅದೂ ಮುರೀತು. ಕಿಂಡಿಗೆ ಬಾಯಿಟ್ಟು ಕೂಗಿದ್ಲು, "ಸಣ್ಣೀರಿ, ನಾನು ಕಣೆ, ಅಕ್ಕ."

ಸತ್ತೋರು ಕರೆದ್ರೆ ಓ ಅನ್ಬಾರ್ದು. ನಮ್ಮೂರಲ್ಲೂ ಹಂಗೇ, ಆ ಊರಲ್ಲೂ ಹಂಗೇ. ಓಗೊಟ್ಟೋರು ಅವರ ಹಿಂದೇನೇ ಹೋಗ್ತಾರೆ ಅಂತ. ಸಣ್ಣೀರಿಗೆ ಅದು ಗೊತ್ತಿತ್ತು. ಬೆಲ್ಲದ ನೀರಿಲ್ದೆ ಮೈ ಸೋತಿತ್ತು. ಹೂಂ ಇಲ್ದೆ ಒನಕೆ ದಿಕ್ಕು ತಪ್ಪಿತ್ತು. ದಿನಾ ಮಾಡೋ ಹಂಗೆ ಮೆತ್ತಿ ಸಾರಿಸಕ್ಕೆ ತ್ರಾಣ ಇಲ್ದೆ ಹೊರಗೋಡೆ ಬಿರುಕು ಬಿಟ್ಟಿತ್ತು. ಗೊತ್ತಿದ್ದೂ ಅವಳು ಓ ಅಂದ್ಲು.

"ಓ ಅಕ್ಕ. ಕರೀತಿದ್ದೀಯಾ? ತಾಳು, ಬಂದೆ."

"ಬರ್ಬೇಡ ಕಣೆ. ನಾನು ಸತ್ತಿಲ್ಲ."

ಆ ಮಾತು ಮಣ್ಣು ದಾಟಿತೋ ಇಲ್ವೋ, ದೇವರೇ ಬಲ್ಲ. ಆ ಕಡೆಯಿಂದ ಇನ್ನೇನೂ ಬರ್ಲಿಲ್ಲ. ಸ್ವಲ್ಪ ಹೊತ್ತಿಗೆ ಕಿಂಡಿಯ ಮಣ್ಣು ನೆನೀತು. ನೆನೆದು ಬಿಳಿಚಿತು. ಬೆಳ್ಳಗೆ ಒಂದು ಹನಿ ಜಿನುಗ್ತು.

ಈ ಸಲ ಕೆಂಚವ್ವ ನಾಲಿಗೆಗೆ ಇಟ್ಟು ನೋಡಿದ್ಲು. ಬೆಣ್ಣೆ ಆಗ್ಲಪ್ಪಾ ಅಂತ ಬೇಡ್ಕಂಡು ಇಟ್ಲು. ನಾಲಿಗೆ ಸುಟ್ಟೋಯ್ತು.

ಅಲ್ಲೇ ಕೂತಿದ್ರೆ ಅವಳೂ ಹೋಗ್ತಿದ್ಲು, ಬೋರಕ್ಕಾನೂ ಹೋಗ್ತಿದ್ಲು, ಊರೂ ಹೋಗ್ತಿತ್ತು. ಹೋದ್ರೆ ಹೋಗ್ಲಿ ಅಂತ ಒಂದು ಗಳಿಗೆ ಅನ್ನಿಸದೇ ಇರ್ಲಿಲ್ಲ. ಆದ್ರೂ ಕೈ ಹಂಚಿಗೆ ಹೋಯ್ತು. ಮೊದಲ ಸಲ ತಿರುವಿದ್ದು ತಪ್ಪು, ಎರಡನೇ ಸಲ ತಿರುವಿದ್ದು ಸರಿ. ತಪ್ಪು ಮಾಡಿದಾಗ ಒಂದು ದಿನ ಅತ್ಲು. ಸರಿ ಮಾಡಿದ್ದಕ್ಕೆ ಇವತ್ತಿಗೂ ಅಳ್ತಾವ್ಳೆ.

ಬೋರಕ್ಕ ಏನಾದ್ಲು ಅಂತ ಕೇಳ್ತೀಯಾ ಲಚ್ಚಕ್ಕ? ಏನಾಗ್ತಾಳೆ. ಚೆನ್ನಾಗೇ ಅವ್ಳೆ. ಕೆಂಚವ್ವಾನೂ ಊರು ಉಳಿಸಿದ್ಲು, ನಾನು ಹೇಳಿಕೊಟ್ಟಂಗೆ ಅಂತಾಳೆ. ಅಂಥೋರಿಗೆ ಯಾವ ಸುಣ್ಣಾನೂ ತಾಗಲ್ಲ.

ಈಗ ಆ ಊರು ಎಲ್ಲೈತೆ ಅಂತ ಹೇಳ್ಲಾ? ಕೈ ಎತ್ತಿ ನಿಮ್ಮ ಎಡ ಎದೆ ಮೇಲೆ ಇಡಿ. ಧಡ್ ಅಂತೈತಲ್ಲ, ಅದೇ ಕಣ್ರವ್ವ. ಮಿಡಿಯಜ್ಜಿ ಅಂದ್ರೆ ಮಾವಿನ ಮಿಡಿ ಅಲ್ಲ, ಎದೆ ಮಿಡಿಸೋ ಅಜ್ಜಿ. ನಮ್ಮ ಪಕ್ಕದ್ಮನೆ ಹುಡುಗಿ ದೊಡ್ಡ ಪುಸ್ತಕ ಓದ್ತಾಳೆ. ಆ ಮನೆಗಳಿಗೆ ಜೀವಕೋಶ ಅಂತಾರಂತೆ, ಒಂದರಿಂದ ಒಂದಕ್ಕೆ ಕಣ್ಣಿಗೆ ಕಾಣದ ಕಿಂಡಿ ದಿಟಕ್ಕೂ ಐತಂತೆ, ಸುಣ್ಣದ ಅಂಶ ನುಗ್ಗಿ ಪಕ್ಕದ್ದು ಸಾಯಕ್ಕೆ ಬಂದ್ರೆ ಇದು ಮುಚ್ಕಳ್ತೈತಂತೆ. ಇರ್ಬೋದು. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿದೋಳು ನಾನು, ನನಗೆ ಮನೆ ಅಂದ್ರೇ ಅರ್ಥ ಆಗೋದು.

ಆದ್ರೆ ಅವಳ ಪುಸ್ತಕದಲ್ಲಿ ಇಲ್ಲದ್ದು ಒಂದೈತೆ. ಆಗಾಗ, ಏನೂ ಕಾರಣ ಇಲ್ದೆ, ನಿಮ್ಮ ಎದೆ ಒಂದು ಏಟು ತಪ್ಪಿ ಧಸಕ್ ಅಂತೈತಲ್ಲ? ಆ ಗಳಿಗೇಲಿ ಕೆಂಚವ್ವ ಒನಕೆ ಎತ್ತಿ ಹಿಡ್ಕಂಡು, ಸಣ್ಣೀರಿ ಗೋಡೆಗೆ ಕಿವಿ ಕೊಟ್ಟಿರ್ತಾಳೆ. ಆ ಕಡೆಯಿಂದ ಹೂಂ ಬತ್ತೈತೇನೋ ಅಂತ. ಬರಲ್ಲ. ಮತ್ತೆ ಕುಟ್ತಾಳೆ.

ಅವ್ಳು ಅಲ್ಲಿ ಕುಟ್ತಾ ಇರ್ಲಿ, ನಾವು ಇಲ್ಲಿ ಎದ್ದು ಹೋಗಣ. ಕಥೆ ನಂದು ಅರ್ಧ, ನಿಮ್ದು ಅರ್ಧ. ನನ್ನ ಅರ್ಧ ಮುಗೀತು.

ಎಲ್ರೂ ಸುಮ್ನಾದ್ರಲ್ಲ. ಯಾರಾದ್ರೂ ಒಬ್ರು ಹೂಂ ಅನ್ರವ್ವ.